ಮುದಿಮರಿಯ ಕತ್ತಿನ ಮೂಳೆ

ಸೆಪ್ಟೆಂಬರ್ ೯, ಬೆಳಿಗ್ಗೆ
ಮನೆಯಿಂದ

ಮೂಳೆ ವಿಭಾಗದ ಮುಖ್ಯಸ್ಥರಿಗೆ, ಅವರ ಸಹೋದ್ಯೋಗಿಗಳಿಗೆ, ಮತ್ತು ಮಹಡಿಯ ಉಪನ್ಯಾಸ ಕೋಣೆಯಲ್ಲಿ ಈಗ ಕುರ್ಚಿ ಎಳೆದುಕೊಂಡು ಕೂತಿರುವ ಎಲ್ಲರಿಗೆ,

ವಂದನೆಗಳು.

ನೀವು ಬಂದದ್ದಕ್ಕೆ ಕೃತಜ್ಞನಾಗಿದ್ದೇನೆ. ಕೆಲಸದ ದಿನ, ಕೆಲಸದ ಹೊತ್ತು; ಆದರೂ ವಸ್ತುಸಂಗ್ರಹಾಲಯದ ಬಾಗಿಲು ಹಾಕಿ ಬಂದಿದ್ದೀರಿ, ಬೇರೆ ಊರುಗಳಿಂದ ಬಸ್ಸು ಹತ್ತಿ ಬಂದಿದ್ದೀರಿ ಎಂದು ಕೇಳಿದ್ದೇನೆ. ನನ್ನ ಮಗಳಿಗಾಗಿ ಇಷ್ಟು ಜನ ಒಂದೆಡೆ ಸೇರಿದ್ದನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ನಿಮ್ಮ ಜೊತೆ ನೀವು ತಂದಿರುವ ಸಹಾನುಭೂತಿಯನ್ನು ನಾನು ಸ್ವೀಕರಿಸಲಾರೆ. ಅದನ್ನು ನೀವು ವಾಪಸು ತೆಗೆದುಕೊಂಡು ಹೋಗಬೇಕೆಂದು ಕೋರುತ್ತೇನೆ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಕಾರಣವಿದೆ, ಆ ಕಾರಣಕ್ಕಾಗಿಯೇ ಈ ಪತ್ರ.

ನಾನೇ ಎದ್ದು ನಿಂತು ಇದನ್ನು ಹೇಳಬಹುದಿತ್ತು. ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಪಟು. ಗೆದ್ದ ಬೆಳ್ಳಿ ಬಟ್ಟಲುಗಳು ಬಣ್ಣ ಮಾಸಿ ಈಗಲೂ ನಮ್ಮ ಗಾಜಿನ ಬೀರುವಿನಲ್ಲಿವೆ. ನಿಲ್ಲದಿರಲು ಅದೇ ಕಾರಣ. ಒಂದು ವೇದಿಕೆ, ನಾಲ್ಕು ಸಾಲು ಜನ ಸಿಕ್ಕಿದರೆ ಸಾಕು, ನನ್ನ ದನಿ ನನ್ನನ್ನು ಕೇಳದೆಯೇ ಕೆಲಸ ಶುರುಮಾಡುತ್ತದೆ. ಎಲ್ಲಿ ತಗ್ಗಬೇಕು, ಎಲ್ಲಿ ಒಂದು ಉಸಿರಿನಷ್ಟು ತಡೆಯಬೇಕು, ಯಾವ ಸಾಲಿನವರ ಕಣ್ಣು ಒದ್ದೆಯಾಗುತ್ತಿದೆ ಎಂಬುದೆಲ್ಲ ಅದಕ್ಕೆ ಗೊತ್ತು. ಇಂದು ಆ ವಿದ್ಯೆ ಬೇಡ. ಆದ್ದರಿಂದ ಬರೆದು ಕಳಿಸಿದ್ದೇನೆ, ಓದಿ ಹೇಳಲು ಪ್ಲಾಸ್ಟರಕ್ಕನವರನ್ನು ಕೇಳಿಕೊಂಡಿದ್ದೇನೆ. ಅಚ್ಚು ತೆಗೆಯುವ ಕೋಣೆಯ ಹಿರಿಯರಾದ ಇವರಿಗೆ ಆ ಹೆಸರಿಟ್ಟವಳು ನನ್ನ ಮಗಳೇ. ಅಕ್ಕ ಬೆಂಕಿ ಬಿದ್ದ ಸುದ್ದಿಯನ್ನೂ ಸಾಮಾನಿನ ಚೀಟಿ ಓದಿದ ಹಾಗೆ ಹೇಳ್ತಾರೆ ಎಂದು ಅವಳು ನಗುತ್ತಿದ್ದಳು. ನನಗೆ ಬೇಕಾಗಿರುವುದು ಅಂಥ ದನಿಯೇ. ಅಕ್ಕಾ, ಈ ವಾಕ್ಯವನ್ನೂ ಬಿಡದೆ ಓದಿ.

ಇಂದಿನ ಕಾರ್ಯಕ್ರಮ ಏನೆಂಬುದು ಎಲ್ಲರಿಗೂ ತಿಳಿದಿದೆ. ಸ್ವಲ್ಪ ಹೊತ್ತು ಮೌನ, ಮುಖ್ಯಸ್ಥರ ಮಾತು, ಬಳಿಕ ಎಲ್ಲರೂ ಕೆಳಗಿನ ಹಜಾರಕ್ಕೆ ಇಳಿಯುವುದು. ಅಲ್ಲಿ ಕಬ್ಬಿಣದ ಕಂಬಿಗಳ ಮೇಲೆ ನಿಂತಿರುವ ಅಸ್ಥಿಪಂಜರಕ್ಕೆ ಏಣಿ ಹಾಕಿ, ಅದರ ತಲೆಬುರುಡೆಯನ್ನು ಕಳಚಿ, ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಮೇಲೆ ನನ್ನ ಮಗಳ ಹೆಸರು ಬರೆದ ಫಲಕ ಹಾಕುವುದು. ಆ ತಲೆ ಆ ಮೈಯದಲ್ಲ, ಎರಡು ಬೇರೆ ಬೇರೆ ಪ್ರಾಣಿಗಳನ್ನು ತಿಳಿಯದೆ ಜೋಡಿಸಿ ನಿಲ್ಲಿಸಿದ್ದಾರೆ ಎಂದು ಅವಳು ವಾದಿಸಿದ್ದಳು. ಆ ವಾದವನ್ನು ಇಂದು ನೀವು ಒಪ್ಪಿಕೊಳ್ಳುವವರಿದ್ದೀರಿ.

ಒಪ್ಪಬೇಡಿ.

ಮೂಳೆಯ ವಿಷಯ ತಿಳಿಯದವರೂ ಇಂದು ಬಂದಿದ್ದೀರಿ: ನಮ್ಮ ನೆಂಟರು, ಅಕ್ಕಪಕ್ಕದ ಮನೆಯವರು, ಅವಳ ಶಾಲೆಯ ಗೆಳತಿಯರು. ನಿಮಗಾಗಿ ಸ್ವಲ್ಪ ವಿವರ. ಕೆಳಗೆ ನಿಂತಿರುವುದು ಈಗ ಭೂಮಿಯ ಮೇಲೆ ಎಲ್ಲಿಯೂ ಇಲ್ಲದ ಪ್ರಾಣಿ. ಎಮ್ಮೆಗಿಂತ ಎತ್ತರ, ಆನೆಗಿಂತ ಗಿಡ್ಡ. ನಾನು ಮೊದಲ ಸಲ ನೋಡಲು ಬಂದ ದಿನ ಮಗಳು ನನ್ನನ್ನು ಅದರ ಮುಂದಿನ ಬೆಂಚಿನ ಮೇಲೆ ಕೂರಿಸಿ, ಮೇಲಿನಿಂದ ಕೆಳಗಿನವರೆಗೆ ಓದಿ ಹೇಳಿದಳು. ಮೂಗಿನ ತೂತು ಕಣ್ಣಿನ ಮಟ್ಟಕ್ಕೆ ಏರಿರುವುದರಿಂದ ಇದಕ್ಕೆ ಮೋಟು ಸೊಂಡಿಲೊಂದು ಇದ್ದಿರಬೇಕು. ಕಣ್ಣಿನ ಗುಳಿ ಪಕ್ಕಕ್ಕೆ ತಿರುಗಿದೆ. ಹೆದರಿ ಬದುಕಿದ ಪ್ರಾಣಿ, ಸುತ್ತಲೂ ನೋಡಬೇಕಿತ್ತು. ತಲೆಯ ಮೇಲೆ ಉದ್ದಕ್ಕೂ ಒಂದು ಏಣು ಎದ್ದಿದೆ. ದವಡೆ ಎಳೆಯುವ ಸ್ನಾಯು ಹಿಡಿದುಕೊಂಡಿದ್ದ ಜಾಗ ಅದು. "ಬೆಳಗಿಂದ ಸಂಜೆವರೆಗೆ ಅಗೀತಾನೇ ಇರೋದು ಅಪ್ಪಾ, ನಮ್ಮ ದೊಡ್ಡಮ್ಮನ ಥರ" ಅಂದಳು. ಅವಳ ದೊಡ್ಡಮ್ಮ ಇಂದು ಎರಡನೆಯ ಸಾಲಿನಲ್ಲಿದ್ದಾರೆ. ಅವರು ಕ್ಷಮಿಸಬೇಕು. ಮಗಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

ಆಮೇಲೆ ಅವಳು ಎರಡು ಸಂಗತಿ ತೋರಿಸಿದಳು. ಒಂದು, ಹಲ್ಲು. ಬುರುಡೆಯ ದವಡೆಹಲ್ಲುಗಳು ಬುಡದವರೆಗೂ ಸವೆದಿವೆ. ಬಾಯಲ್ಲಿ ಹಲ್ಲಿದ್ದ ನೆನಪು ಮಾತ್ರ ಉಳಿದಿದೆ. ಇಷ್ಟು ಸವೆಯಬೇಕಾದರೆ ಪ್ರಾಣಿ ಹಣ್ಣು ಮುದಿಯಾಗಿರಬೇಕು. ಇನ್ನೊಂದು, ಕಾಲಿನ ಮೂಳೆ. ಎಳೆಯ ಪ್ರಾಣಿಯ ಉದ್ದ ಮೂಳೆಗಳ ತುದಿ ನಡುಭಾಗಕ್ಕೆ ಬೆಸೆದುಕೊಂಡಿರುವುದಿಲ್ಲ, ನಡುವೆ ಒಂದು ಗೆರೆ ಇರುತ್ತದೆ. ಬೆಳವಣಿಗೆ ಮುಗಿದ ಮೇಲೆ ಆ ಗೆರೆ ಮುಚ್ಚಿಹೋಗುತ್ತದೆ. ಈ ಅಸ್ಥಿಪಂಜರದ ನಾಲ್ಕು ಕಾಲುಗಳಲ್ಲೂ ಗೆರೆ ತೆರೆದೇ ಇದೆ. ತಲೆ ಮುದುಕನದು, ಮೈ ಮರಿಯದು. ಸಿಬ್ಬಂದಿಯೆಲ್ಲ ಅದನ್ನು ತಮಾಷೆಗೆ ಮುದಿಮರಿ ಎಂದು ಕರೆಯುತ್ತಾರೆ. ನನ್ನ ಮಗಳಿಗೆ ಅದು ತಮಾಷೆಯಾಗಿ ಕಾಣಲಿಲ್ಲ. ಮುದಿ ಒಂದು ಪ್ರಾಣಿ, ಮರಿ ಇನ್ನೊಂದು ಎಂದಳು. ಹಿಂದಿನ ತಲೆಮಾರಿನವರು ಹಳೆಯ ಇಟ್ಟಿಗೆ ಕಾರ್ಖಾನೆಯ ಮಣ್ಣುಗುಂಡಿಯಿಂದ ಮೊದಲು ಮೈಯನ್ನು ತೆಗೆದರು, ಬೇರೆ ವರ್ಷ ಸ್ವಲ್ಪ ದೂರದಲ್ಲಿ ತಲೆಯನ್ನು ತೆಗೆದರು. ಎರಡನ್ನೂ ಕೂಡಿಸುವ ಕತ್ತಿನ ಮೊದಲ ಮೂಳೆ ಸಿಗಲೇ ಇಲ್ಲ. ಆ ಜಾಗದಲ್ಲಿ ಇಂದಿಗೂ ಬಿಳಿ ಪ್ಲಾಸ್ಟರಿನ ತುಂಡೊಂದಿದೆ. "ಇಡೀ ಪ್ರಾಣಿ ನಿಂತಿರೋದು ಆ ಬಿಳಿ ತುಂಡಿನ ನಂಬಿಕೆ ಮೇಲೆ" ಎಂದು ಅವಳು ಹೇಳುತ್ತಿದ್ದಳು.

ಮುಖ್ಯಸ್ಥರ ಮತ ಬೇರೆ. ಆ ಕಾಲದಲ್ಲಿ ಅಲ್ಲಿ ಮೇವು ಕಡಿಮೆಯಾಗಿತ್ತು, ಪ್ರಾಣಿ ಬುಡದವರೆಗೆ ಮೇಯ್ದು ಎಲೆಯ ಜೊತೆ ಮರಳನ್ನೂ ಅಗಿಯಿತು, ವಯಸ್ಸಾಗುವ ಮುನ್ನವೇ ಹಲ್ಲು ಕಳೆದುಕೊಂಡಿತು, ತಲೆಯೂ ಮೈಯೂ ಒಂದೇ ಪ್ರಾಣಿಯವು ಎಂದು ಅವರು ಹೇಳುತ್ತಿದ್ದರು. ಈ ಜಗಳ ವರ್ಷಗಟ್ಟಲೆ ನಡೆಯಿತು. ಇವಳು ಬಾಯಿ ತೆರೆದರೆ ಪುರಾವೆ ಎಲ್ಲಿ ಎನ್ನುತ್ತಿದ್ದಳಾದ್ದರಿಂದ ನೀವು ಇವಳಿಗೆ ಪುರಾವೆಯಮ್ಮ ಎಂದು ಹೆಸರಿಟ್ಟಿದ್ದಿರಿ. ಮನೆಗೆ ಬಂದು ಅದನ್ನು ಹೆಮ್ಮೆಯಿಂದಲೇ ಹೇಳಿಕೊಂಡಿದ್ದಳು.

ಅವಳಿಗೂ ನನಗೂ ಬೇರೊಂದು ಜಗಳ ಇತ್ತು. ನಮ್ಮ ಕಾಲದ ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ಬಂದ ಪಕ್ಷವನ್ನು ಮನಸ್ಸಿಟ್ಟು ವಾದಿಸಬೇಕು. ಅದು ಬುದ್ಧಿಗೆ ಒಳ್ಳೆಯ ವ್ಯಾಯಾಮ ಎಂದು ನಾನು ಇಂದಿಗೂ ನಂಬಿದ್ದೇನೆ. ಅವಳಿಗೆ ಅದು ಹಿಡಿಸುತ್ತಿರಲಿಲ್ಲ. "ನೀವು ಚೀಟಿ ಎತ್ತಿ ಸತ್ಯ ಆರಿಸ್ಕೊಳ್ತಿದ್ರಿ" ಎಂದು ಊಟಕ್ಕೆ ಕೂತಾಗೆಲ್ಲ ಚುಚ್ಚುತ್ತಿದ್ದಳು. ಎದುರು ಪಕ್ಷಕ್ಕೆ ಅನುಕೂಲವಾಗುವ ಅಂಶವನ್ನು ನೀವೇ ಎತ್ತಿ ಕೊಡುತ್ತಿದ್ದಿರಾ ಎಂದು ಒಮ್ಮೆ ಕೇಳಿದಳು. ಅದು ಎದುರು ಪಕ್ಷದವರ ಕೆಲಸ ಎಂದೆ. ಅವಳು ತಟ್ಟೆ ಸರಿಸಿ ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ನಮ್ಮಲ್ಲಿ ಹಾಗಿಲ್ಲ ಅಪ್ಪಾ. ಸಿಕ್ಕಿದ್ದನ್ನೆಲ್ಲ ಮೇಜಿನ ಮೇಲೆ ಇಡ್ಬೇಕು. ನಮಗೆ ಬೇಡದ್ದನ್ನ ಮೊದಲು ಇಡ್ಬೇಕು."

ಇನ್ನೊಂದು ಸಂಗತಿ. ಅವಳ ದೊಡ್ಡಮ್ಮ ಬಂದಾಗಲೆಲ್ಲ ಮದುವೆಯ ಮಾತೆತ್ತುತ್ತಿದ್ದರು. ಮನುಷ್ಯರಲ್ಲಿ ಎಲ್ಲಕ್ಕಿಂತ ಕೊನೆಗೆ ಬೆಸೆಯುವ ಮೂಳೆ ಕಾಲರ್ ಬೋನು, ಅದರ ಒಳತುದಿ ಮುಚ್ಚಲು ಇಪ್ಪತ್ತು ದಾಟಿ ಎಷ್ಟೋ ವರ್ಷ ಬೇಕು. ಇವಳು ಕತ್ತಿನ ಕೆಳಗೆ ಬೆರಳಿಟ್ಟು ತೋರಿಸಿ, "ಇಲ್ಲಿ ಇನ್ನೂ ಮುಚ್ಚಿಲ್ಲ ದೊಡ್ಡಮ್ಮ, ಲೆಕ್ಕದಲ್ಲಿ ನಾನಿನ್ನೂ ಮರಿ" ಎಂದು ಜಾರಿಕೊಳ್ಳುತ್ತಿದ್ದಳು. ಅವಳು ತೀರಿಹೋದ ದಿನ ಆಸ್ಪತ್ರೆಯಲ್ಲಿ ವೈದ್ಯರು ಎಕ್ಸ್‌ರೇ ಚಿತ್ರವನ್ನು ಬೆಳಕಿನ ಹಲಗೆಗೆ ಸಿಕ್ಕಿಸಿ ಎಲ್ಲೆಲ್ಲಿ ಮುರಿದಿದೆ ಎಂದು ನನಗೆ ವಿವರಿಸುತ್ತಿದ್ದರು. ಕಾಲರ್ ಬೋನಿನ ಒಳತುದಿ ಯಾವುದು ಎಂದು ನಾನು ಕೇಳಿದೆ. ಆ ಮೂಳೆಗೆ ಪೆಟ್ಟಾಗಿಲ್ಲ ಎಂದರು. ಆದರೂ ತೋರಿಸಿ ಎಂದೆ. ಪೆನ್ನಿನ ತುದಿಯಿಂದ ತೋರಿಸಿದರು. ಸಣ್ಣದೊಂದು ಕಪ್ಪು ಗೆರೆ. ತೆರೆದೇ ಇತ್ತು.

ಇದನ್ನು ನಿಮ್ಮ ಮರುಕ ಎಬ್ಬಿಸಲು ಬರೆದಿಲ್ಲ. ಅವಳು ತಮಾಷೆಗೆ ಹೇಳಿದ್ದಕ್ಕೂ ಪುರಾವೆ ಇತ್ತು ಎಂಬುದನ್ನು ದಾಖಲಿಸುತ್ತಿದ್ದೇನೆ.

ಈಗ ನಡೆದದ್ದಕ್ಕೆ ಬರುತ್ತೇನೆ. ಮಳೆ ಬಿಡುವು ಕೊಟ್ಟ ಒಂದು ವಾರದಲ್ಲಿ, ನೀರಿನ ಕೊರೆತಕ್ಕೆ ಇಟ್ಟಿಗೆ ಕಾರ್ಖಾನೆಯ ಆ ಗುಂಡಿಯ ಗೋಡೆಯಲ್ಲಿ ಹೊಸ ಪದರವೊಂದು ಬಯಲಾಗಿದೆ ಎಂದು ತಿಳಿದು, ಅವಳು ಮುಖ್ಯಸ್ಥರ ಒಪ್ಪಿಗೆ ಪಡೆದು ಜೀಪಿನ ಚಾಲಕನೊಬ್ಬನನ್ನು ಕರೆದುಕೊಂಡು ಹೋದಳು. ಕಾಣೆಯಾಗಿದ್ದ ಆ ಕತ್ತಿನ ಮೂಳೆ ಅಲ್ಲಿರಬಹುದೆಂಬುದು ಅವಳ ನಿರೀಕ್ಷೆ. ಸಿಕ್ಕಿದರೆ ಅದು ಮೈಗೆ ಕೂಡುತ್ತದೆ, ತಲೆಗೆ ಕೂಡುವುದಿಲ್ಲ. ಅಲ್ಲಿಗೆ ಜಗಳ ಮುಗಿಯಿತು ಎಂದು ಹೊರಡುವ ಮುನ್ನ ಬೂಟಿನ ದಾರ ಕಟ್ಟುತ್ತ ಹೇಳಿದಳು. ಮಧ್ಯಾಹ್ನದ ಮೇಲೆ ಗುಂಡಿಯ ಗೋಡೆ ಕುಸಿಯಿತು. ಚಾಲಕ ಮೇಲೆ ಜೀಪಿನ ಬಳಿ ಇದ್ದ. ಆತ ನನಗೆ ಹೇಳಿದ್ದೆಲ್ಲ ಈ ಸಭೆಗೆ ಸಂಬಂಧಪಟ್ಟದ್ದಲ್ಲ.

ಅದಾದ ಕೆಲವು ದಿನಗಳಿಗೆ ಮುಖ್ಯಸ್ಥರು ಮನೆಗೆ ಬಂದರು. ಹೊರಗಿನ ಕೋಣೆಯಲ್ಲಿ ಅವಳ ಫೋಟೋ ಇಟ್ಟಿದ್ದ ಸಣ್ಣ ಮೇಜಿನ ಎದುರು ನಿಂತು ಕೈಮುಗಿದರು. ಕಾಫಿ ಬೇಡ ಎಂದರು. ನನ್ನ ಹೆಂಡತಿಯ ಕಡೆ ತಿರುಗಿ, "ಮಗು ಹೇಳಿದ್ದೇ ಸರಿ ಅನ್ಸತ್ತೆ ನಂಗೆ ಈಗ. ತಲೆ ಇಳಿಸಿಬಿಡ್ತೀವಿ ಅಮ್ಮಾ" ಎಂದರು. ಹೊಸ ಪುರಾವೆ ಏನಾದರೂ ಸಿಕ್ಕಿತೇ ಎಂದು ನಾನು ಕೇಳಿದೆ. ಅವರು ನನ್ನ ಭುಜ ಮುಟ್ಟಿ ಚಪ್ಪಲಿ ಮೆಟ್ಟಿಕೊಂಡರು.

ಮುಖ್ಯಸ್ಥರೇ, ಅವಳು ಎದುರಿಗೆ ನಿಂತು ವರ್ಷಗಟ್ಟಲೆ ವಾದಿಸಿದಾಗ ನೀವು ಒಪ್ಪದ ಮಾತನ್ನು ಅವಳ ಫೋಟೋ ಎದುರು ಒಪ್ಪಿದಿರಿ. ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಎದುರಾಳಿ ಸತ್ತಳೆಂದು ಬಿಟ್ಟುಕೊಡುವ ಗೆಲುವನ್ನು ನನ್ನ ಮಗಳು ಕಾಲಿನಿಂದ ಸರಿಸುತ್ತಿದ್ದಳು. ಬದುಕಿದ್ದಾಗ ನೀವು ಅವಳನ್ನು ಸಮಾನಳೆಂದು ಕಂಡಿರಿ, ಹಲ್ಲು ಕಚ್ಚಿ ಜಗಳವಾಡಿದಿರಿ. ಸತ್ತ ಮೇಲೆ ಮಗು ಎಂದಿರಿ. ನಿಮ್ಮ ಸಹಾನುಭೂತಿ ಬೇಡವೆಂದು ನಾನು ಹೇಳಿದ್ದು ಇದಕ್ಕಾಗಿ.

ಆದರೂ ಆ ದಿನ ನಾನು ಸುಮ್ಮನಿದ್ದೆ, ಏಕೆಂದರೆ ಅವಳ ತಾಯಿ ಅಂದು ಸಂಜೆ ತಲೆ ಬಾಚಿಕೊಂಡಳು. ಮಗಳ ಕೋಣೆಯ ಕಿಟಕಿ ತೆರೆದಳು. ಪಕ್ಕದ ಮನೆಯಾಕೆಯ ಜೊತೆ ಕಾಂಪೌಂಡಿನ ಬಳಿ ನಿಂತು, "ನಮ್ಮ ಹುಡುಗಿ ಹೇಳಿದ್ದೇ ನಿಜ ಆಯ್ತಂತೆ ಕಣ್ರೀ" ಎಂದು ಹೇಳುವುದು ನನ್ನ ಕಿವಿಗೆ ಬಿತ್ತು. ಅದೇ ವಾಕ್ಯವನ್ನು ತಂಗಿಗೆ ಫೋನಿನಲ್ಲಿ ಹೇಳಿದಳು, ತರಕಾರಿಯವನಿಗೆ ಹೇಳಿದಳು, ಪೋಸ್ಟಿನವನಿಗೆ ಹೇಳಿದಳು. ಅವಳು ಆ ವಾಕ್ಯವನ್ನು ಹಿಡಿದುಕೊಂಡು ನಡೆಯುತ್ತಿದ್ದಾಳೆ.

ಆ ನಂತರ ಠಾಣೆಯಿಂದ ಕರೆ ಬಂತು. ವಿಚಾರಣೆ ಮುಗಿದಿದೆ, ಸಾಮಾನು ತೆಗೆದುಕೊಂಡು ಹೋಗಿ ಎಂದರು. ಒಂದು ಗೋಣಿಚೀಲದಲ್ಲಿ ಅವಳ ಹೆಗಲಚೀಲ, ನೀರಿನ ಬಾಟಲಿ, ಒಂಟಿ ಬೂಟು ಇದ್ದವು. ಜೊತೆಗೆ ತೆಂಗಿನಕಾಯಿಗಿಂತ ದೊಡ್ಡದಾದ ಬಿಳಿಯ ಗಡ್ಡೆ. "ಇದೇನೋ ಕಲ್ಲು ಸಾರ್, ಅವರ ಹತ್ರಾನೇ ಇತ್ತು, ಬಿಸಾಕೋದು ಬೇಡ ಅಂತ ಇಟ್ವಿ" ಎಂದರು ಪೇದೆ. ಅದು ಏನೆಂದು ನೋಡಿದ ಕೂಡಲೇ ತಿಳಿಯಿತು. ಮುರಿದ ಕೈಗೆ ಆಸ್ಪತ್ರೆಯಲ್ಲಿ ಹಾಕುವಂಥದೇ ಕಟ್ಟು. ಮಣ್ಣಿನಿಂದ ತೆಗೆದ ಮೂಳೆ ದಾರಿಯಲ್ಲಿ ಪುಡಿಯಾಗದಿರಲೆಂದು, ಒದ್ದೆ ಕಾಗದ ಸುತ್ತಿ, ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆಪಟ್ಟಿಗಳನ್ನು ಅದರ ಮೇಲೆ ಹಾಸಿ, ಗಟ್ಟಿಯಾದ ಮೇಲೆ ಎತ್ತುತ್ತಾರೆ. ಮನೆಯ ಅಡುಗೆಮೇಜಿನ ಮೇಲೆ ಅವಳು ಎಷ್ಟೋ ಸಲ ಅಭ್ಯಾಸ ಮಾಡಿದ್ದನ್ನು ನೋಡಿದ್ದೇನೆ.

ಅದನ್ನು ಆ ದಿನವೇ ನಿಮಗೆ ತಲುಪಿಸಬೇಕಿತ್ತು. ಅದು ಸಂಗ್ರಹಾಲಯದ ಸೊತ್ತು, ನನಗೆ ಗೊತ್ತು. ತಲುಪಿಸಲಿಲ್ಲ. ಅವಳು ಕೊನೆಯದಾಗಿ ಮುಟ್ಟಿದ ವಸ್ತು ಮನೆಯಲ್ಲಿರಲಿ ಎಂದು ಅವಳ ತಾಯಿ ಅದನ್ನು ಮಗಳ ಹಾಸಿಗೆಯ ಮೇಲೆ ದಿಂಬಿನ ಜಾಗದಲ್ಲಿಟ್ಟಳು. ಒಳಗೇನಿದೆ ಎಂದು ಅವಳು ಕೇಳಲಿಲ್ಲ. ನಾನು ಕೇಳಿಕೊಂಡೆ. ಹೆಗಲಚೀಲದಲ್ಲಿ ಎರಡು ಅಚ್ಚುಗಳಿದ್ದವು: ಬುರುಡೆಯ ಹಿಂಭಾಗದಲ್ಲಿ ಕತ್ತಿಗೆ ಕೂಡುವ ಎರಡು ದುಂಡು ಉಬ್ಬುಗಳದು ಒಂದು, ಕತ್ತಿನ ಎರಡನೆಯ ಮೂಳೆಯ ಮುಂಭಾಗದ್ದು ಇನ್ನೊಂದು. ಒಂದು ತಲೆಯ ಸಾಕ್ಷಿ, ಒಂದು ಮೈಯ ಸಾಕ್ಷಿ. ನಡುವೆ ಕೂರಬೇಕಾದ್ದು ಕಟ್ಟಿನೊಳಗಿತ್ತು.

ಅವಳ ತಾಯಿ ತಂಗಿಯ ಮನೆಗೆ ಹೋಗಿದ್ದ ಒಂದು ಮಧ್ಯಾಹ್ನ ಹಿತ್ತಿಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆ ಕಟ್ಟನ್ನು ಇಟ್ಟು, ಸಣ್ಣ ಗರಗಸದಿಂದ ಸುತ್ತಲೂ ಕೊಯ್ದು, ಎರಡು ಹೋಳು ಮಾಡಿ ತೆರೆದೆ. ಒಳಗಿದ್ದುದು ರೆಕ್ಕೆ ಬಿಚ್ಚಿದ ಹಾಗೆ ಅಗಲವಾದ, ನಡುವೆ ತೂತಿರುವ ಕಂದು ಮೂಳೆ. ಮೈಯ ಅಚ್ಚನ್ನು ಹಿಂದಿನಿಂದ ಹಿಡಿದೆ, ಕೂತಿತು. ಅದು ಅವಳೇ ಹೇಳಿದ್ದು. ತಲೆಯ ಅಚ್ಚನ್ನು ಮುಂದಿನಿಂದ ಹಿಡಿದೆ. ಕೂರಬಾರದೆಂದು ಬಯಸಿಯೇ ಹಿಡಿದೆ.

ಕೂತಿತು.

ಒತ್ತಿ ಕೂರಿಸಿದ್ದಲ್ಲ. ಬಾಗಿಲು ತನ್ನ ಚೌಕಟ್ಟಿಗೆ ಬಂದು ನಿಂತಂತೆ ನಿಂತಿತು, ಅಲುಗಾಡಲಿಲ್ಲ. ಆಮೇಲಿನ ದಿನಗಳಲ್ಲಿ ನನ್ನ ಹಳೆಯ ವಿದ್ಯೆಯನ್ನೆಲ್ಲ ಆ ಮೂಳೆಯ ವಿರುದ್ಧ ಪ್ರಯೋಗಿಸಿದೆ. ಅಚ್ಚು ತೆಗೆಯುವಾಗ ಸ್ವಲ್ಪ ಹಿಗ್ಗಿರಬಹುದು ಎಂದೆ. ಒಂದೇ ಜಾತಿಯ ಎರಡು ಪ್ರಾಣಿಗಳ ಮೂಳೆ ಒಂದೇ ಅಳತೆಯದಾಗಿರಬಹುದು ಎಂದೆ. ನಾನು ಸಾಮಾನ್ಯ ಮನುಷ್ಯ, ನನಗೇನು ತಿಳಿದೀತು ಎಂದೆ. ಕೊನೆಗೆ ಮೂರನ್ನೂ ಕೈಚೀಲದಲ್ಲಿಟ್ಟುಕೊಂಡು, ನನ್ನ ಪರಿಚಯವಿಲ್ಲದ ಊರೊಂದರ ಪಶುವೈದ್ಯ ಕಾಲೇಜಿಗೆ ಹೋಗಿ ಅಲ್ಲಿ ಅಂಗರಚನೆ ಕಲಿಸುವವರನ್ನು ಕಂಡೆ. ಯಾರ ಮೂಳೆ, ಏಕೆ ಎಂದು ಹೇಳಲಿಲ್ಲ. ಅವರು ಕೂರಿಸಿ ನೋಡಿದರು. ಆಮೇಲೆ ತಮ್ಮ ಕಪಾಟಿನಿಂದ ಒಂದು ಎತ್ತಿನ ಬುರುಡೆಯನ್ನೂ ಅದೇ ಗಾತ್ರದ ಇನ್ನೊಂದು ಎತ್ತಿನ ಕತ್ತಿನ ಮೂಳೆಯನ್ನೂ ತೆಗೆದು ಜೋಡಿಸಿ ನನ್ನ ಕೈಗೆ ಕೊಟ್ಟರು. ಅದು ಲೊಟಲೊಟ ಅಲುಗಾಡಿತು. "ಬೇರೆಯವರ ಚಪ್ಪಲಿ ಹಾಕ್ಕೊಂಡ ಹಾಗೆ ನೋಡಿ. ನಿಮ್ಮದು ಹಂಗಿಲ್ವಲ್ಲ ಸಾರ್, ಇನ್ನೇನು ಬೇಕು ನಿಮಗೆ?" ಎಂದರು.

ನನಗೆ ಇನ್ನೇನೋ ಬೇಕಿತ್ತು. ಮೂರನ್ನೂ ಮತ್ತೆ ಕೈಚೀಲಕ್ಕೆ ಹಾಕಿಕೊಂಡೆ.

ಹೀಗಾಗಿ, ಸಭೆಯವರೇ, ಕೆಳಗೆ ನಿಂತಿರುವುದು ಒಂದೇ ಪ್ರಾಣಿ. ಮುಖ್ಯಸ್ಥರು ಹೇಳಿದ್ದು ಸರಿ, ನನ್ನ ಮಗಳು ಹೇಳಿದ್ದು ತಪ್ಪು. ಆ ಪ್ರಾಣಿ ಮುದಿಯಾಗಿರಲಿಲ್ಲ. ಬೆಳೆಯುವುದು ಇನ್ನೂ ಬಾಕಿಯಿತ್ತು. ಮೇವಿಲ್ಲದ ಕಾಲದಲ್ಲಿ ಮರಳು ಅಗಿದು ಹಲ್ಲು ತೀರಿಹೋಗಿ, ಕಾಲಿನ ಮೂಳೆಗಳ ಗೆರೆ ಮುಚ್ಚುವ ಮೊದಲೇ ಹಸಿದು ಸತ್ತಿತು. ಇಷ್ಟು ಯುಗಗಳ ನಂತರ ಅದರ ಬಗ್ಗೆ ಯಾರಿಗಾದರೂ ತಿಳಿದಿರುವುದು ಇಷ್ಟೇ. ಇಂದು ನೀವು ತಲೆ ಕಳಚಿಬಿಟ್ಟರೆ ಅದೂ ಇಲ್ಲವಾಗುತ್ತದೆ. ಎಂದೂ ಬದುಕಿರದ ಒಬ್ಬ ಮುದುಕ ಪೆಟ್ಟಿಗೆಯೊಳಗೆ ಕೂರುತ್ತಾನೆ, ತಲೆಯಿಲ್ಲದ ಮರಿ ಹೊರಗೆ ನಿಲ್ಲುತ್ತದೆ, ಆ ಸುಳ್ಳಿಗೆ ನನ್ನ ಮಗಳ ಹೆಸರು ಅಂಟಿಕೊಳ್ಳುತ್ತದೆ.

ಸುಮ್ಮನಿದ್ದುಬಿಡುವುದು ಸುಲಭವಿತ್ತು. ಪೊಲೀಸರಿಗೆ ಅದು ಕಲ್ಲು. ನಿಮಗೆ ಅದು ಇದೆಯೆಂದೇ ತಿಳಿಯದು. ಹಿತ್ತಿಲ ಸಿಮೆಂಟಿನ ತೊಟ್ಟಿಯ ಕೆಳಗೆ ಹೂತಿದ್ದರೆ ನನ್ನ ಮಗಳು ಎಂದೆಂದಿಗೂ ಗೆದ್ದವಳಾಗಿ ಉಳಿಯುತ್ತಿದ್ದಳು. ಒಂದು ಬೆಳಿಗ್ಗೆ ಹಾರೆ ಹಿಡಿದು ಆ ತೊಟ್ಟಿಯ ಬಳಿ ನಿಂತೂ ಇದ್ದೆ. ಆಗ ಚೀಟಿಯ ಮಾತು ನೆನಪಾಯಿತು. ಈ ಸಲ ಚೀಟಿ ಎತ್ತುವವನೂ ನಾನೇ, ತೀರ್ಪುಗಾರನೂ ನಾನೇ, ಎದುರು ಪಕ್ಷದಲ್ಲಿ ಯಾರೂ ಇಲ್ಲ. ಅಂಥ ಚರ್ಚೆಯನ್ನು ಗೆದ್ದು ಮನೆಗೆ ತರುವ ಬಟ್ಟಲಿಗೆ ನಮ್ಮ ಬೀರುವಿನಲ್ಲಿ ಜಾಗವಿಲ್ಲ.

ಇನ್ನು ಮುಂದಿನ ಸಾಲಿನಲ್ಲಿ ಕೂತಿರುವ ಅವಳ ತಾಯಿಗೆ ಒಂದು ಮಾತು. ಇದನ್ನು ನಿನಗೆ ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಾನು ಆಗಲಿ ಅನ್ನುತ್ತಿದ್ದೆ. ನಿನ್ನ ಆ ವಾಕ್ಯವನ್ನು ನಾನು ಕಿತ್ತುಕೊಳ್ಳುತ್ತಿದ್ದೇನೆ, ಅದೂ ಇಷ್ಟು ಜನರ ಎದುರಿಗೆ. ಅದರ ಜಾಗದಲ್ಲಿ ಇಡಲು ನನ್ನ ಬಳಿ ಇರುವುದು ಇದೊಂದೇ: ನಮ್ಮ ಹುಡುಗಿ ಹುಡುಕಿದ್ದು ಅವಳಿಗೆ ಸಿಕ್ಕಿತು. ಬೇರೆ ಯಾರಿಗೂ ಸಿಕ್ಕಿರಲಿಲ್ಲ. ಅದು ನಿನಗೆ ಸಾಕಾಗುವುದಿಲ್ಲ, ನನಗೂ ಸಾಕಾಗಿಲ್ಲ.

ನನ್ನ ನಿರ್ಧಾರ ಹೀಗಿದೆ. ಇದನ್ನು ಯಾರನ್ನೂ ಕೇಳದೆ ತೆಗೆದುಕೊಂಡಿದ್ದೇನೆ. ಪ್ಲಾಸ್ಟರಕ್ಕ ಇದನ್ನು ಓದಿ ಮುಗಿಸುವ ಹೊತ್ತಿಗೆ ನಾನು ಕೆಳಗಿನ ಹಜಾರದಲ್ಲಿ, ಮುದಿಮರಿಯ ಮುಂದಿನ ಬೆಂಚಿನ ಮೇಲೆ, ಆ ಮೂಳೆಯಿರುವ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತೇನೆ. ತಲೆ ಇಳಿಸಲು ಯಾರೂ ಏಣಿ ತರಬೇಡಿ. ತಂದರೆ ಅದು ಆ ಬಿಳಿ ಪ್ಲಾಸ್ಟರ್ ತುಂಡನ್ನು ತೆಗೆಯುವುದಕ್ಕಾಗಿರಲಿ. ಅದರ ಜಾಗದಲ್ಲಿ ಈ ಮೂಳೆಯನ್ನು ಇಡಿ. ಫಲಕ ಹಾಕಲೇಬೇಕೆಂದಿದ್ದರೆ ಅದರ ಮೇಲೆ ನನ್ನ ಮಗಳು ಈ ಪ್ರಾಣಿಯನ್ನು ಎರಡೆಂದು ನಂಬಿದ್ದಳೆಂದೂ, ಅದು ಒಂದೇ ಎಂದು ತೋರಿಸುವ ಮೂಳೆಯನ್ನು ಅವಳೇ ತೆಗೆದಳೆಂದೂ ಬರೆಯಿರಿ. ಎರಡರಲ್ಲಿ ಒಂದನ್ನು ಬಿಟ್ಟರೆ ಫಲಕವನ್ನು ನಾನೇ ಕೀಳುತ್ತೇನೆ.

ಬಂದು ತೆಗೆದುಕೊಳ್ಳಿ.

ಇತಿ,
ಪುರಾವೆಯಮ್ಮನ ತಂದೆ

ತಾ. ಕ. — ಅಕ್ಕಾ, ಈ ಹಾಳೆಯನ್ನು ಬೇರೆಯಾಗಿ ಮಡಚಿಟ್ಟಿದ್ದೇನೆ. ಇದನ್ನು ಸಭೆಗೆ ಓದಬೇಡಿ.

ಮೂಳೆ ನಿಮ್ಮ ಮೇಜಿಗೆ ಬಂದ ಕೂಡಲೇ ನಿಮಗೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ನಾನೇ ಮೊದಲು ಹೇಳಿಬಿಡುತ್ತೇನೆ. ಮೂಳೆಗೆ ಅಂಟಿದ್ದ ಮಣ್ಣು ಬಿಡಿಸಿದೆ ಎಂದು ನಾನು ಪತ್ರದಲ್ಲಿ ಎಲ್ಲಿಯೂ ಬರೆದಿಲ್ಲ. ಬಿಡಿಸಬೇಕಾಗಿ ಬರಲಿಲ್ಲ. ರೆಕ್ಕೆಗಳಿಗೆ, ಬೆನ್ನಿಗೆ, ನಡುವಿನ ತೂತಿಗೆಲ್ಲ ಜೇಡಿಮಣ್ಣು ಮೆತ್ತಿಕೊಂಡೇ ಇತ್ತು. ತಲೆ ಕೂರುವ ಎರಡು ಗುಳಿಗಳು, ಹಿಂದಿನ ಮೂಳೆ ಕೂಡುವ ಮುಖ, ಇಷ್ಟು ಮಾತ್ರ ಒರೆಸಿ ತೊಳೆದಂತೆ ಶುಚಿಯಾಗಿದ್ದವು. ಚೀಲದಲ್ಲಿದ್ದ ಎರಡೂ ಅಚ್ಚುಗಳ ಸಂದಿನಲ್ಲಿ ಅದೇ ಜೇಡಿ. ಅವಳು ಕೂರಿಸಿ ನೋಡಿದ್ದಳು, ಅಲ್ಲೇ ಗುಂಡಿಯೊಳಗೆ. ತನ್ನ ಮಾತು ಸುಳ್ಳಾಯಿತೆಂದು ಕಣ್ಣಾರೆ ಕಂಡ ಮೇಲೆ ಕಾಗದ ಸುತ್ತಿದ್ದಾಳೆ, ಪಟ್ಟಿ ಅದ್ದಿದ್ದಾಳೆ, ಕಟ್ಟು ಹಾಕಿದ್ದಾಳೆ.

ಮೋಡ ಕವಿಯುತ್ತಿದೆ, ಬಿಟ್ಟು ಬನ್ನಿ ಎಂದು ಚಾಲಕ ಮೇಲಿನಿಂದ ಕೂಗಿದನಂತೆ. ಅವಳು ತಲೆಯೆತ್ತಿ ಹೇಳಿದ್ದಿಷ್ಟು: "ಇನ್ನೂ ಗಟ್ಟಿ ಆಗಿಲ್ಲಣ್ಣ. ಈಗ ಎತ್ತಿದ್ರೆ ಒಡೆಯತ್ತೆ."

ಬಿಟ್ಟು ಬಂದಿದ್ದರೆ ಗೋಡೆ ಕುಸಿದು ಅದನ್ನು ಮುಚ್ಚಿಹಾಕುತ್ತಿತ್ತು. ಅವಳು ಬದುಕುತ್ತಿದ್ದಳು, ಅವಳ ವಾದವೂ ಬದುಕುತ್ತಿತ್ತು. ಕಟ್ಟು ಗಟ್ಟಿಯಾಗುವವರೆಗೆ ಎತ್ತಬಾರದು ಎಂದು ಅವಳಿಗೆ ಕಲಿಸಿದವರು ನೀವು. ಸರಿಯಾಗಿ ಕಲಿಸಿದಿರಿ. ಇದನ್ನು ನಿಮ್ಮ ಸಮಾಧಾನಕ್ಕೆ ಬರೆಯುತ್ತಿಲ್ಲ. ಸಹಾನುಭೂತಿಯನ್ನು ನಾನು ಪಡೆಯುವವನೂ ಅಲ್ಲ, ಕೊಡುವವನೂ ಅಲ್ಲ. ಒಳಗಿನ ಮೂಳೆಗೆ ಒಂದು ಕೂದಲೆಳೆಯಷ್ಟೂ ಬಿರುಕು ಬಿಟ್ಟಿಲ್ಲ. ನೀವೇ ನೋಡುತ್ತೀರಿ.

ಅವಳ ತಾಯಿ ನಿಮ್ಮನ್ನು ಏನಾದರೂ ಕೇಳಿದರೆ ಗೋಡೆ ತಟ್ಟನೆ ಕುಸಿಯಿತು ಎಂದಷ್ಟೇ ಹೇಳಿ. ಮಗಳು ತಪ್ಪು ತಿಳಿದಿದ್ದಳು ಎಂಬುದನ್ನು ಆಕೆ ಇವತ್ತಿನಿಂದ ಹೊರುತ್ತಾಳೆ. ಮಗಳು ಅಲ್ಲಿ ಕಾಯುತ್ತ ಕೂತಿದ್ದಳು ಎಂಬುದನ್ನು ನಾನು ಹೊರುತ್ತೇನೆ.

ಪೆಟ್ಟಿಗೆಯಲ್ಲಿ ಮೂಳೆಯ ಜೊತೆ ಕಟ್ಟಿನ ಕೆಳಗಿನ ಹೋಳು ಇದೆ, ಮೇಲಿನದು ಇಲ್ಲ. ಮೇಲಿನ ಹೋಳಿನಲ್ಲಿ ಅವಳ ಅಂಗೈ ಮೂಡಿದೆ, ಐದು ಬೆರಳುಗಳೂ ಸೇರಿ. ಹೆಬ್ಬೆರಳಿನ ಗೆರೆಗಳು ಕೂಡ ಕಾಣುತ್ತವೆ. ಗಟ್ಟಿಯಾಯಿತೇ ಎಂದು ಒತ್ತಿ ನೋಡಿದ್ದು. ಗರಗಸವನ್ನು ಅದಕ್ಕೆ ತಾಗದಂತೆ ಬಳಸಿ ಒಯ್ದೆ. ಅವಳ ತಾಯಿ ಮನೆಗೆ ಬರುವ ಮುನ್ನ ಹೋಳುಗಳನ್ನು ಕೂಡಿಸಿ, ಟವೆಲು ಹೊದಿಸಿ ಇಟ್ಟಿದ್ದೆ. ಅದು ಈಗಲೂ ಅವಳ ಹಾಸಿಗೆಯ ಮೇಲೆ, ಬೆರಳುಗಳು ಕೆಳಮುಖವಾಗಿ, ಒಂದು ಟವೆಲಿನಡಿ ಇದೆ. ಅವಳ ತಾಯಿ ಅದನ್ನು ಇನ್ನೂ ತಿರುಗಿಸಿ ನೋಡಿಲ್ಲ. ಸಿಕ್ಕಿದ್ದನ್ನೆಲ್ಲ ಮೇಜಿನ ಮೇಲೆ ಇಡಬೇಕೆಂಬ ನಿಯಮ ನನಗೆ ನೆನಪಿದೆ, ಆ ಹೋಳೂ ನಿಮ್ಮ ಸಂಗ್ರಹಾಲಯಕ್ಕೆ ಸೇರಿದ್ದು ಎಂಬುದೂ ನೆನಪಿದೆ. ಅದು ಸಾಕ್ಷ್ಯವಲ್ಲವೆಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೇನೆ.